ಕೂತು ದುಡಿಯಲು ಒಂದು ಜಾಗ

ಸ್ವಂತ ಉದ್ಯೋಗ ಮಾಡಿ, ಸ್ಟಾರ್ಟಪ್ ಕಟ್ಟಿ ಎಂದು ಹುಬ್ಬಳ್ಳಿ-ಧಾರವಾಡದ ವೇದಿಕೆಗಳ ಮೇಲೆ ಕೂಗಿದವರು ನಮಗೆ ಮೋಸ ಮಾಡಿದರು. ಎಲ್ಲಿ ಕೂತು ಮಾಡಬೇಕು ಎಂದು ಒಬ್ಬರೂ ಹೇಳಲಿಲ್ಲ. ನಾನು ಖಾರದಪುಡಿ, ಉಪ್ಪಿನಕಾಯಿ ಮಾರುವವರಿಗೆ ಪ್ಯಾಕೆಟ್ಟಿನ ಚಿತ್ರ ಬಿಡಿಸಿ ಕೊಡುವವಳು. ಯಾವ ಕಾಲೇಜೂ ಕಲಿಸಲಿಲ್ಲ, ಫೋನಿನಲ್ಲಿ ವಿಡಿಯೊ ನೋಡಿ ಕಲಿತೆ. ಆಫೀಸಿಲ್ಲದ ಹೆಂಗಸು ದುಡಿಯಲು ಹೊರಟರೆ ಮುಂದೆ ಹೇಳುವಂಥವು ನಡೆಯುತ್ತಲೇ ಇರುತ್ತವೆ.

ಮನೆ

ನವನಗರದ ನಮ್ಮ ಮನೆಯಲ್ಲಿ ಬಾಡಿಗೆಯಿಲ್ಲ, ಬಾಗಿಲಿಗೆ ಚಿಲಕವೂ ಇಲ್ಲ. ಒಂದು ದಿನ ಗಿರಾಕಿಯೊಬ್ಬರ ಜೊತೆ ವಿಡಿಯೊ ಕಾಲ್‌ನಲ್ಲಿದ್ದೆ. ಪಕ್ಕದ ಮನೆಯ ಕಾಕು ನೇರ ಒಳಗೆ ಬಂದರು.

"ಖಾಲಿ ಕುಂತೀಯಲ್ಲ ತಂಗಿ, ಮಾಳಿಗಿ ಮ್ಯಾಲ ಶಾವಿಗಿ ಒಣಹಾಕೇನಿ. ಕಾಗಿ ಬರದಂಗ ನೋಡ್ಕೊ. ನಾ ಲಗೂನ ಬಾಜಾರಕ್ಕ ಹೋಗಿ ಬರ್ತೇನಿ."

"ಕಾಕು, ಕೆಲಸಾ ಮಾಡಾಕತ್ತೇನಿ."

"ಕುಂತ ಮಾಡೂ ಕೆಲಸ ಅಲ್ಲೇನ? ಮ್ಯಾಲ ಕುಂತ ಮಾಡು."

ನನಗೆ ಮೈಯೆಲ್ಲ ಉರಿಯಿತು. ದುಡಿಮೆ ಎಂದರೇನು ಎಂದು ಕಾಕೂಗೆ ಬಿಡಿಸಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಪರದೆಯ ಮೇಲಿನ ಗಿರಾಕಿ ಹೇಳಿದರು: "ಮೇಡಂ, ನಮ್ಮದು ನಾಳೆ ಆದ್ರೂ ನಡೀತೈತ್ರಿ. ಮೊದಲ ಶಾವಿಗಿ ತಗೀರಿ, ಮೋಡ ಹಾಕೇತಿ."

ಹೋಟೆಲು

ಬೈರಿದೇವರಕೊಪ್ಪದ ಮಿರ್ಚಿ-ಭಜಿ ಹೋಟೆಲಿನಲ್ಲಿ ಮೂಲೆಯ ಮೇಜು ಹಿಡಿದೆ. ಒಂದು ಚಹಾ ಕುಡಿದರೆ ಎಷ್ಟು ಹೊತ್ತಾದರೂ ಕೂರಬಹುದು. ಆದರೆ ನನ್ನ ಪರದೆ ನನ್ನದಾಗಿ ಉಳಿಯಲಿಲ್ಲ. ಖಾರದಪುಡಿ ಪ್ಯಾಕೆಟ್ಟಿನ ಚಿತ್ರ ಬಿಡಿಸುತ್ತಿದ್ದರೆ ಹಿಂದೆ ಒಂದು ಸಭೆಯೇ ಸೇರಿತು.

"ಮೆಣಸಿನಕಾಯಿ ಇನ್ನಾ ದೊಡ್ಡದ ಮಾಡ್ರಿ ಅಕ್ಕಾರ."

"ಎದಕ್ಕ? ಅದೇನ ಬದನಿಕಾಯೇನಪಾ?"

ಪರಿಚಯವೇ ಇಲ್ಲದ ಇಬ್ಬರು ನನ್ನ ಮೆಣಸಿನಕಾಯಿಗಾಗಿ ಒಬ್ಬರನ್ನೊಬ್ಬರು ತಳ್ಳಾಡಿದರು. ಆದರೂ ಚಿತ್ರ ಗಿರಾಕಿಗೆ ಒಪ್ಪಿಗೆಯಾಯಿತು. ಗೆದ್ದೆ ಎಂದುಕೊಂಡು ಎದ್ದಾಗ ಮಾಲೀಕರು ಕೈ ಮುಗಿದರು.

"ಅಕ್ಕಾರ, ನಾಳಿಂದ ಬರಬ್ಯಾಡ್ರಿ."

"ನಾ ಏನ ಮಾಡಿದ್ನಿ?"

"ನೀವೇನೂ ಮಾಡಿಲ್ರಿ. ನಿಮ್ಮ ಚಿತ್ರಾ ನೋಡ್ಕೋತ ಕುಂತಾವ್ರು ಒಬ್ರೂ ಏಳವಲ್ರು."

ಗಾಜಿನ ಆಫೀಸು

ಕೊನೆಗೆ ಅಮರಗೋಳದ ಹತ್ತಿರ ನಾಲ್ಕಾರು ಜನ ಹಂಚಿಕೊಂಡು ಕೂರುವ ಗಾಜಿನ ಆಫೀಸಿನಲ್ಲಿ ಕುರ್ಚಿ ಸಿಕ್ಕಿತು. ತಂಪು ಗಾಳಿ, ಕೈಕೊಡದ ಇಂಟರ್ನೆಟ್. ಗಿರಾಕಿಗಳು ಮೊದಲ ಸಲ ನನ್ನನ್ನು ಹುಡುಕಿಕೊಂಡು ಬಂದರು. ಆದರೆ ಗೋಡೆಯ ಮೇಲೊಂದು ಫಲಕ: ಮಾತು ಬೇಡ, ಮನೆಯ ಊಟ ಬೇಡ. ಹಸಿವಾದರೆ ಅವರದೇ ಕೌಂಟರಿನ ಒಣ ಸ್ಯಾಂಡ್‌ವಿಚ್ ತಿನ್ನಬೇಕು.

ಮನೆಯ ಊಟ ಯಾಕೆ ಬೇಡ ಎಂದು ಮ್ಯಾನೇಜರನ್ನು ಕೇಳಿದೆ. "ಬಳ್ಳೊಳ್ಳಿ ವಾಸನಿಗೆ ಸ್ಟಾರ್ಟಪ್ ವಾತಾವರಣ ಕೆಡ್ತದ್ರಿ ಮೇಡಂ" ಎಂದರು.

"ನಮ್ಮ ಊಟಕ್ಕ ಕೆಡೂ ವಾತಾವರಣ ಎದಕ್ಕ ಬೇಕ್ರಿ?"

"ಡಬ್ಬಿ ತಗದ್ರ ಕುರ್ಚಿ ಬಿಡಬೇಕಾಗ್ತದ್ರಿ."

ಕುರ್ಚಿ ಬಿಟ್ಟರೆ ಮತ್ತೆ ಕಾಗೆ ಕಾಯುವ ಕೆಲಸ. ಆದರೂ ಸುಮ್ಮನಿರಲು ನನ್ನಿಂದಾಗಲಿಲ್ಲ. ಲೆಕ್ಕಪತ್ರ ನೋಡುವವರು, ಆನ್‌ಲೈನ್ ಪಾಠ ಹೇಳುವ ಟೀಚರ್, ಟ್ರ್ಯಾಕ್ಟರ್ ಬಾಡಿಗೆಯ ಆ್ಯಪ್ ಮಾಡುವ ಹುಡುಗರು, ಎಲ್ಲರನ್ನೂ ಒಬ್ಬೊಬ್ಬರಾಗಿ ಒಪ್ಪಿಸಿದೆ. ಮರುದಿನ ಎಲ್ಲರೂ ಡಬ್ಬಿ ತರುವುದು, ಕಡಕ್ ರೊಟ್ಟಿಯನ್ನು ಒಟ್ಟಿಗೇ ಮುರಿಯುವುದು.

ಮರುದಿನ ನಾವು ಡಬ್ಬಿ ತೆರೆದ ಹೊತ್ತಿಗೇ ಮ್ಯಾನೇಜರ್ ಪುಣೆಯ ಕಂಪನಿಯ ದೊಡ್ಡ ಮೇಡಂ ಒಬ್ಬರನ್ನು ಕರೆದುಕೊಂಡು ಬಂದರು. ಅವರಿಗೆ ಬಾಡಿಗೆಗೆ ಅರ್ಧ ಮಹಡಿ ಬೇಕಿತ್ತು. "ಇಲ್ಲೆ ಸೂಜಿ ಬಿದ್ರೂ ಕೇಳ್ತದ್ರಿ" ಎಂದು ಮ್ಯಾನೇಜರ್ ಬಾಗಿಲು ತೆರೆದರು. ನಾವು ರೊಟ್ಟಿ ಮುರಿದೆವು. ತಗಡಿನ ಮೇಲೆ ಆಣೆಕಲ್ಲು ಬಿದ್ದಂತಾಯಿತು. ಶೇಂಗಾ ಚಟ್ನಿಪುಡಿಯ ಬೆಳ್ಳುಳ್ಳಿ ವಾಸನೆ ಗಾಜಿಗೆ ಬಡಿದು ವಾಪಸು ಬಂತು.

ಮ್ಯಾನೇಜರ್ ಬಿಳಿಚಿಕೊಂಡರು. ಜಗಳಕ್ಕೆಂದೇ ಎದ್ದು ನಿಂತೆ. ಆದರೆ ಉಣ್ಣುವಾಗ ಎದುರು ಬಂದವರನ್ನು ಕರೆಯದೇ ಇರುವುದು ನಮ್ಮಲ್ಲಿ ಆಗದ ಮಾತು. ಬಾಯಿಂದ ಬಂದದ್ದು ಇಷ್ಟೇ: "ಬರ್ರಿ, ಊಟಾ ಮಾಡೂಣು."

ಆ ಮೇಡಂ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. "ಶೇಂಗಾ ಹಿಂಡಿ ಯಾರ ಮನೀದ್ರಿ? ಛಲೋ ಅದ. ಇದಕ್ಕ ಗಟ್ಟಿ ಮೊಸರ ಇದ್ದಿದ್ರ ಭಾಳ ಛಲೋ ಆಗ್ತಿತ್ತು." ಧಾರವಾಡದ ಮಗಳು ಎಂದು ಆಗ ತಿಳಿಯಿತು.

"ನನ್ನ ಡಬ್ಬ್ಯಾಗ ಅದರಿ, ತರ್ಲೇನ್ರಿ?" ಎಂದಿತು ಹಿಂದಿನಿಂದ ಒಂದು ದನಿ. ಮ್ಯಾನೇಜರದು!

"ನಿಮ್ಮ ಡಬ್ಬಿ? ಎಲ್ಲೈತ್ರಿ?" ಎಂದೆ.

ತಲೆ ತಗ್ಗಿಸಿದರು. "ಜನರೇಟರ್ ಖೋಲ್ಯಾಗ್ರಿ. ದಿನಾ ಅಲ್ಲೇ ಉಣ್ತೇನಿ. ಆ ಸದ್ದಿನ್ಯಾಗ ರೊಟ್ಟಿ ಸಪ್ಪಳ ಕೇಳಂಗಿಲ್ಲ."

ಆ ಮೇಡಂ ಅರ್ಧ ಮಹಡಿ ತೆಗೆದುಕೊಂಡರು. ಸಂಜೆಯೊಳಗೆ ಫಲಕ ಇಳಿಯಿತು, ಇಳಿಸಿದವರು ಮ್ಯಾನೇಜರೇ. ನನ್ನ ಕುರ್ಚಿ ನನ್ನದೇ. ಈಗ ಊಟದ ಹೊತ್ತಿಗೆ ಪಕ್ಕದ ಕುರ್ಚಿಯಲ್ಲಿ ಮೊಸರಿನ ಸಮೇತ ಅವರೂ ಇರುತ್ತಾರೆ.

ನಿಮ್ಮ ಆಫೀಸಿನ ಗೋಡೆಯ ಮೇಲೂ ಇಂಥ ಫಲಕ ಇದ್ದರೆ ಯಾರ ಅಪ್ಪಣೆಗೂ ಕಾಯಬೇಡಿ. ನಾಳೆ ಮಧ್ಯಾಹ್ನ ಮೇಜಿನ ಮೇಲೆ ಡಬ್ಬಿ ತೆರೆಯಿರಿ, ರೊಟ್ಟಿಯನ್ನು ಜೋರಾಗಿ ಮುರಿಯಿರಿ. ಮೊದಲು ನಿಮ್ಮ ಮ್ಯಾನೇಜರನ್ನು ಊಟಕ್ಕೆ ಕರೆಯಿರಿ.