ಸಿರುಗುಪ್ಪದಲ್ಲಿ ನಾನು ಕೂರಲಿಲ್ಲ

ಕಳೆದ ನವೆಂಬರ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಬಳ್ಳಾರಿಯ ನಮ್ಮ ಮನೆಯಲ್ಲಿ ನಾನು ಮಂಚದಿಂದ ಇಳಿದು ಬಲಗಾಲನ್ನು ನೆಲಕ್ಕೆ ಊರಿದೆ. ಊರಿದ ಕೂಡಲೇ ಮತ್ತೆ ಮಂಚದ ಮೇಲೆ ಕುಳಿತೆ. ಹಿಮ್ಮಡಿಯ ಕೆಳಗೆ ಯಾರೋ ಮೊಳೆಯೊಂದನ್ನು ನೆಟ್ಟಗೆ ನಿಲ್ಲಿಸಿದಂತಿತ್ತು. ಬಗ್ಗಿ ನೋಡಿದೆ. ನೆಲ ಸ್ವಚ್ಛವಾಗಿತ್ತು.

ಇಪ್ಪತ್ತಾರು ವರ್ಷದಿಂದ ಇಲ್ಲಿನ ಪತ್ರಿಕೆಯೊಂದರ ವರದಿಗಾರ ನಾನು. ಯಾವ ಸುದ್ದಿಯನ್ನೂ ಎರಡು ಸಲ ಖಚಿತಪಡಿಸಿಕೊಳ್ಳದೆ ಒಪ್ಪುವುದಿಲ್ಲ. ಆದ್ದರಿಂದ ಎರಡನೇ ಸಲವೂ ಕಾಲು ಊರಿದೆ. ಸುದ್ದಿ ನಿಜವಾಗಿತ್ತು.

"ಯಾಕ್ರೀ ಕುಂಟಾಕತ್ತೀರಿ?" ಎಂದಳು ಹೆಂಡತಿ ಗಿರಿಜಾ, ಅಡುಗೆಮನೆಯ ಬಾಗಿಲಿನಿಂದ.

"ಕುಂಟಾಕತ್ತಿಲ್ಲ. ಪರೀಕ್ಷೆ ಮಾಡಾಕತ್ತೀನಿ."

"ಪಾಸಾದ್ರ ಹೇಳ್ರಿ. ಚಹಾ ಆರಾಕತ್ತೈತಿ."

ಆ ವಾರವೇ ಮೂಳೆ ಡಾಕ್ಟರ ಬಳಿ ಹೋದೆವು. ಅವರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ಪೆನ್ನಿನ ತುದಿಯಿಂದ ತೋರಿಸಿದರು. ಹಿಮ್ಮಡಿಯ ಮೂಳೆಯ ತಳದಿಂದ ಸಣ್ಣದೊಂದು ಕೊಕ್ಕೆ ಮುಂದಕ್ಕೆ ಚಾಚಿತ್ತು. ಹುಂಜದ ಕಾಲಿನ ಮುಳ್ಳಿನ ಹಾಗೆ.

"ಎಲುಬಿಗೆ ಮುಳ್ಳು ಬೆಳದೈತ್ರಿ. ಅಂಗಾಲಿನ ಪಟ್ಟಿ ಬಿಗಿದೈತಿ. ಮುಂಜಾನಿ ಸಂಜಿ ಗೋಡಿ ಹಿಡಕೊಂಡು ಮೀನಖಂಡ ಎಳೀರಿ. ಬಾಟಲಿ ನೀರು ಬರ್ಫ ಮಾಡಿ ಅಂಗಾಲ ಕೆಳಗ ಉರುಳಿಸ್ರಿ. ಮೆತ್ತನ್ನ ಚಪ್ಪಲಿ ಹಾಕ್ಕೊಳ್ರಿ, ಮನಿಯಾಗೂ. ಅವಸರ ಮಾಡಬ್ಯಾಡ್ರಿ. ಆರು ತಿಂಗಳು, ವರ್ಷ ಹಿಡೀತೈತಿ."

"ಒಂದು ತಿಂಗಳಾಗ ಮುಗಿಸೋಣ್ರಿ" ಎಂದೆ. ಗಡುವು ಮೀರಿದ ಇತಿಹಾಸ ನನಗಿಲ್ಲ.

ಡಾಕ್ಟರು ನನ್ನನ್ನು ನೋಡಲಿಲ್ಲ. ಎಕ್ಸ್-ರೇಯನ್ನು ಲಕೋಟೆಗೆ ತುರುಕುತ್ತ, "ಎಲುಬಿಗೆ ಹೇಳ್ರಿ" ಎಂದರು.

ಮನೆಗೆ ಬಂದು ಗೋಡೆಗೆ ಒಂದು ಪಟ್ಟಿ ಅಂಟಿಸಿದೆ. ದಿನಾಂಕ, ವ್ಯಾಯಾಮ, ನೋವಿನ ಪ್ರಮಾಣ, ಷರಾ. ಹತ್ತು ದಿನಗಳ ಅವಲೋಕನದಿಂದ ಒಂದು ಅಂಶ ಖಚಿತವಾಯಿತು. ಮಲಗಿ ಎದ್ದಾಗ ಅಥವಾ ಕೂತು ಎದ್ದಾಗ ಮೊದಲ ಹನ್ನೊಂದು ಹೆಜ್ಜೆ ಮಾತ್ರ ಪ್ರಾಣ ಹೋಗುತ್ತದೆ. ಹನ್ನೆರಡನೆಯದರಿಂದ ನೋವು ಇಳಿಯುತ್ತದೆ. ನಡೆಯುತ್ತಲೇ ಅಥವಾ ನಿಂತೇ ಇದ್ದರೆ ನಾನು ಎಲ್ಲರಂತೆ ಒಬ್ಬ ಮನುಷ್ಯ. ಕೂತರೆ ಕೆಟ್ಟೆ. ಈ ಅಂಶವನ್ನು ಷರಾದ ಕಾಲಂನಲ್ಲಿ ಕೆಂಪು ಶಾಯಿಯಿಂದ ಬರೆದೆ. ಮುಂದಿನ ಅನಾಹುತಕ್ಕೆಲ್ಲ ಈ ಕೆಂಪು ಶಾಯಿಯೇ ಮೂಲ.

ಒಂದು ತಿಂಗಳ ಗಡುವು ಮುಗಿಯುವ ಹೊತ್ತಿಗೆ ಮುಳ್ಳು ಇದ್ದಲ್ಲೇ ಇತ್ತು. ಆಗ ಕುರುಗೋಡಿನಿಂದ ನನ್ನ ಸೋದರಮಾವ ಮಲ್ಲಪ್ಪ ಬಂದ. ಎಪ್ಪತ್ತು ದಾಟಿದ ಮಾವನಿಗೆ ಗೊತ್ತಿಲ್ಲದ ರೋಗ ಇನ್ನೂ ಹುಟ್ಟಿಲ್ಲ.

"ಡಾಕ್ಟರು ಹಂಗ ಅಂತಾರಲೇ. ಇಟ್ಟಂಗಿ ಕಾಸು. ಮ್ಯಾಲ ಎಕ್ಕಿ ಎಲಿ ಹಾಕು. ಅದರ ಮ್ಯಾಲ ಹಿಮ್ಮಡಿ ಇಟ್ಟು ಒತ್ತು. ಮೂರು ದಿನಕ್ಕ ಓಡತಿ."

ಇಟ್ಟಿಗೆ ಎಷ್ಟು ಕಾಯಬೇಕು ಎಂದು ಮಾವ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮೂರು ದಿನದ ನಂತರ ಹಿಮ್ಮಡಿಯಲ್ಲಿ ಒಳಗೊಂದು ಮುಳ್ಳೂ ಹೊರಗೊಂದು ಗುಳ್ಳೆಯೂ ಇದ್ದವು. ಗುಳ್ಳೆ ವಾಸಿಯಾಗಲು ಮೂರು ವಾರ ಹಿಡಿಯಿತು. ಆ ಅವಧಿಯಲ್ಲಿ ಮತ್ತೊಮ್ಮೆ ಬಂದ ಮಾವ ಫ್ರಿಜ್ಜಿನಿಂದ ಬಾಟಲಿ ತೆಗೆದು ಅರ್ಧ ಕುಡಿದು, "ಏನ್ ತಂಪೈತಲೇ ನೀರು" ಎಂದ. ಅದು ನಾನು ಅಂಗಾಲಿನ ಕೆಳಗೆ ಉರುಳಿಸಿ, ಬರ್ಫ ಕರಗಿದ ಮೇಲೆ ಒಳಗಿಟ್ಟ ಬಾಟಲಿ. ಗಿರಿಜಾ ನನ್ನ ಮುಖ ನೋಡಿದಳು. ನಾನು ಗೋಡೆಯ ಪಟ್ಟಿ ನೋಡಿದೆ. ಮಾವನಿಗೆ ಈ ವಿಷಯ ಇಂದಿಗೂ ತಿಳಿದಿಲ್ಲ.

ಇಷ್ಟರಲ್ಲಿ ಮಗಳು ಸೌಮ್ಯಾ ಒಂದು ಮಾತು ಹೇಳಿದಳು. ಅವಳು ಬಳ್ಳಾರಿಯಲ್ಲೇ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಸಿರುಗುಪ್ಪದ ವಿನಯ್ ಎಂಬ ಹುಡುಗನನ್ನು ಮೆಚ್ಚಿದ್ದಳು. ತಂದೆಯ ಜೊತೆ ಅಕ್ಕಿ ಗಿರಣಿ ನಡೆಸುವ ಹುಡುಗ. ಅವರ ಮನೆಯವರು ಬಂದು ಅವಳನ್ನು ನೋಡಿ ಒಪ್ಪಿ ಹೋಗಿದ್ದರು. ಇನ್ನು ನಾವು ಹೋಗಿ ಅವರ ಮನೆ ನೋಡಿ ಬರುವುದೊಂದೇ ಬಾಕಿ.

ಸೌಮ್ಯಾ ಏನನ್ನೂ ಹಟ ಮಾಡಿ ಕೇಳಿದ ಹುಡುಗಿಯಲ್ಲ. ಅವತ್ತು ನನ್ನ ತಟ್ಟೆಗೆ ರೊಟ್ಟಿ ಹಾಕುತ್ತ ಹೇಳಿದಳು: "ಅಪ್ಪಾ, ನೀನು ಏನೂ ಮಾಡಬ್ಯಾಡ. ಹೋಗಿ ಕುಂತು, ಎರಡು ಮಾತಾಡಿ, ಉಂಡು ಬಾ. ಅಷ್ಟ ಸಾಕು."

"ಅಷ್ಟೇನಾ?" ಎಂದೆ.

ಮಾವ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದ. "ಕಾಲಿನ ಸುದ್ದಿ ಅಲ್ಲಿ ಎತ್ತಬ್ಯಾಡ. ಎಲುಬಿಗೆ ಮುಳ್ಳು ಅಂದ್ರ ವಂಶದಾಗ ಐತೇನು ಅಂತಾರ. ನಾಳೆ ಹುಡುಗಿಗೂ ಬರ್ತೈತಿ ಅಂತಾರ. ಇದ್ದ ಸಂಬಂಧ ತಪ್ಪೀತು."

ಅವತ್ತೇ ನಿರ್ಧರಿಸಿದೆ. ಏನೇ ಆಗಲಿ, ಸಿರುಗುಪ್ಪದಲ್ಲಿ ನಾನು ಕುಂಟಬಾರದು. ಕುಂಟಬಾರದೆಂದರೆ ಕೂರಬಾರದು. ಯೋಜನೆಯಲ್ಲಿ ಯಾವ ದೋಷವೂ ಕಾಣಲಿಲ್ಲ.

ಸಂಕ್ರಾಂತಿ ಕಳೆದ ನಂತರದ ಭಾನುವಾರ ಹೊರಟೆವು. ನನ್ನ ಬಲಗಾಲು ಬ್ರೇಕ್ ಒತ್ತುವ ಸ್ಥಿತಿಯಲ್ಲಿ ಇಲ್ಲದ್ದರಿಂದ ಗಿರಿಜಾ ಕಾರು ಓಡಿಸಿದಳು. ಮುಂದೆ ಮಾವ, ಹಿಂದೆ ನಾನು. ಮೆತ್ತನೆಯ ಚಪ್ಪಲಿ ರೋಗಿಯ ಗುರುತು ಎಂದು ಮಾವ ತಕರಾರು ತೆಗೆದಿದ್ದರಿಂದ ಗಟ್ಟಿ ಅಟ್ಟೆಯ ಚರ್ಮದ ಚಪ್ಪಲಿ ಹಾಕಿದ್ದೆ. ಸಿರುಗುಪ್ಪ ಸಮೀಪಿಸಿದಾಗ ಒಂದು ಸಂಗತಿ ಹೊಳೆಯಿತು. ಕಾರಿನಲ್ಲಿ ಕೂಡ ನಾನು ಕೂತೇ ಇದ್ದೆ!

"ಗಿರಿಜಾ, ಕಾಲುವಿ ಹತ್ರ ನಿಲ್ಲಿಸು."

ಇಳಿದು ಕಾಲುವೆಯ ದಂಡೆಯ ಮೇಲೆ ಹನ್ನೊಂದು ಹೆಜ್ಜೆ ಕುಂಟಿದೆ. ಹನ್ನೆರಡರಿಂದ ಮೂವತ್ತರ ತನಕ ನೆಟ್ಟಗೆ ನಡೆದೆ. ಕಾಲು ಸರಿಹೋಯಿತು. ಆದರೆ ಮತ್ತೆ ಕಾರು ಹತ್ತಿ ಕೂತರೆ ಮಾಡಿದ್ದೆಲ್ಲ ವ್ಯರ್ಥ.

"ನೀವು ಕಾರಿನ್ಯಾಗ ಬರ್ರಿ. ನಾನು ನಡಕೊಂತ ಬರ್ತೀನಿ."

"ಮುಕ್ಕಾಲು ಕಿಲೋಮೀಟರ್ ಐತ್ರೀ!"

"ಇರ್ಲಿ."

ಹೀಗೆ ಹೆಣ್ಣಿನ ತಂದೆ ಮುಂದೆ ಮುಂದೆ ನಡೆದು, ಅವನ ಹಿಂದೆ ಖಾಲಿ ಸೀಟಿನ ಕಾರು ತೆವಳುತ್ತ ಬಂದು, ನಾವು ಬೀಗರ ಮನೆ ಮುಟ್ಟಿದೆವು. ವಿನಯನ ತಂದೆ ಪಂಪಾಪತಿ ಮತ್ತು ತಾಯಿ ಶರಣಮ್ಮ ಗೇಟಿನಲ್ಲಿ ನಿಂತು ಎಲ್ಲವನ್ನೂ ನೋಡಿದರು. ಗಂಡ ಹೆಂಡತಿ ದಾರಿಯಲ್ಲಿ ಜಗಳ ಆಡಿದ್ದಾರೆ ಎಂದು ಅವರು ತಿಳಿದದ್ದು ನನಗೆ ಗೊತ್ತಾದದ್ದು ಆಮೇಲೆ.

"ಬರ್ರಿ ಬರ್ರಿ, ಕುಂದರ್ರಿ" ಎಂದು ಪಂಪಾಪತಿ ಕುರ್ಚಿ ಎಳೆದರು.

"ಪರವಾಗಿಲ್ರಿ" ಎಂದು ಗೋಡೆಯ ಫೋಟೊ ನೋಡುತ್ತ ನಿಂತೆ.

ಅವರು ಒಳಗಿನಿಂದ ದೊಡ್ಡ ಮೆತ್ತೆಯ ಕುರ್ಚಿಯೊಂದನ್ನು ತರಿಸಿದರು. ಹೊಸದು. ಪ್ಲಾಸ್ಟಿಕ್ ಹಾಳೆ ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಮುಂದೆ ಕಾಲಿಡಲು ಒಂದು ಸಣ್ಣ ಮಣೆ.

"ಇದರ ಮ್ಯಾಲ ಆರಾಮ ಕುಂದರ್ರಿ."

"ಕಾರಿನ್ಯಾಗ ಕುಂತು ಕುಂತು ಸಾಕಾಗೈತ್ರಿ."

ನಾನು ಕಾರಿನಿಂದ ಇಳಿದದ್ದನ್ನು ಅವರು ನೋಡಿರಲಿಲ್ಲ. ನಡೆದು ಬಂದದ್ದನ್ನು ನೋಡಿದ್ದರು. ಶರಣಮ್ಮ ಗಂಡನ ಕಡೆ ನೋಡಿದರು.

ಅತಿಥಿ ನಿಂತಿರುವಾಗ ಮನೆಯ ಯಜಮಾನ ಕೂರುವಂತಿಲ್ಲ. ಪಂಪಾಪತಿ ಎದ್ದು ನಿಂತರು. ಅವರು ನಿಂತರೆಂದು ಶರಣಮ್ಮ ನಿಂತರು. ವಿನಯ್ ಮೊದಲೇ ನಿಂತಿದ್ದ. ಗಿರಿಜಾ ನಿಂತಳು. ಮಂಡಿ ನೋವಿನ ಮಾವನೂ ಕುರ್ಚಿಯ ತೋಳು ಹಿಡಿದು ಎದ್ದ. ಒಗ್ಗರಣಿ ಮಂಡಕ್ಕಿ, ಮಿರ್ಚಿ ಬಂದವು. ಆರು ಜನ ತಟ್ಟೆ ಹಿಡಿದು, ತಲೆ ತಗ್ಗಿಸಿ, ಮಾತಿಲ್ಲದೆ ನಿಂತಿದ್ದೆವು. ಸಂತಾಪ ಸೂಚಕ ಸಭೆಗಳನ್ನು ನಾನು ಬಹಳ ವರದಿ ಮಾಡಿದ್ದೇನೆ. ಯಾವುದರಲ್ಲೂ ಇಷ್ಟು ಶಿಸ್ತು ಕಂಡಿರಲಿಲ್ಲ.

"ಗಿರಣಿ ತೋರಿಸ್ತೀರೇನ್ರೀ?" ಎಂದೆ. ನಡೆಯುವುದು ನನಗೆ ಅನುಕೂಲ.

ಗಿರಣಿ ಮನೆಯ ಹಿಂದೆಯೇ ಇತ್ತು. ಸಿಮೆಂಟಿನ ಕಣದಲ್ಲಿ ಭತ್ತ ಹರವಿದ್ದರು. ಧಾನ್ಯದ ಹತ್ತಿರ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ನಾನೂ ಬಿಟ್ಟೆ. ಬಿಸಿಲಿಗೆ ಹದವಾಗಿ ಕಾದ ಸಿಮೆಂಟಿನ ಮೇಲೆ ಹಿಮ್ಮಡಿ ಇಟ್ಟ ಗಳಿಗೆಯಲ್ಲಿ, ಎರಡೂವರೆ ತಿಂಗಳಲ್ಲಿ ಮೊದಲ ಬಾರಿಗೆ, ನೋವು ಪೂರ್ತಿ ಕರಗಿತು. ಅಲ್ಲೇ ನಿಂತುಬಿಟ್ಟೆ. ಕಣ್ಣು ಮುಚ್ಚಿದೆ. ಇಪ್ಪತ್ತು ನಿಮಿಷ ಅಲ್ಲಾಡಲಿಲ್ಲ.

"ಭತ್ತದಾಗ ಏನಾರ ದೋಷ ಐತೇನ್ರೀ?" ಎಂದರು ಪಂಪಾಪತಿ. ದನಿ ಬದಲಾಗಿತ್ತು.

"ಇಲ್ರಿ, ನೋಡಾಕತ್ತೀನಿ."

"ಕಣ್ಣು ಮುಚ್ಚಿ?"

ಕಣ್ಣು ತೆರೆದು ಚಪ್ಪಲಿಯ ಕಡೆ ನಡೆದೆ.

ಮನೆಗೆ ಮರಳಿದಾಗ ನೆಲದ ಮೇಲೆ ಚಾಪೆ ಹಾಸಿ ಊಟಕ್ಕೆ ಅಣಿ ಮಾಡಿದ್ದರು. ಹೋಳಿಗೆ, ಕೋಸಂಬರಿ, ಅವರದೇ ಗಿರಣಿಯ ಸಣ್ಣಕ್ಕಿಯ ಅನ್ನ. ನಮ್ಮ ಕಡೆ ಮನೆ ನೋಡಲು ಬಂದವರು ಕೂತು ಉಂಡರೆ ಒಪ್ಪಿದಂತೆ. ಉಣ್ಣದೆ ಎದ್ದರೆ ಬೇರೆ ಮಾತು ಬೇಕಿಲ್ಲ. ಇದು ಬಳ್ಳಾರಿಯ ಮಕ್ಕಳಿಗೂ ಗೊತ್ತಿರುವ ವಿಷಯ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ನೆಲದ ಮೇಲೆ ಕೂತರೆ ಇವರೆಲ್ಲರ ಎದುರು ಏಳುವುದು ಹೇಗೆ?

"ಇವತ್ತು ನಂದು ಉಪವಾಸ್ರಿ" ಎಂದೆ.

"ಮಿರ್ಚಿ ತಿಂದ್ರಲ್ರೀ?" ಎಂದರು ಶರಣಮ್ಮ.

"ಅನ್ನದ ಉಪವಾಸ್ರಿ. ಅನ್ನ ಮುಟ್ಟಂಗಿಲ್ಲ."

ಅಕ್ಕಿ ಗಿರಣಿಯ ಮಾಲೀಕನ ಮನೆಯಲ್ಲಿ ನಿಂತು ಹೀಗೆ ಹೇಳಿದವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಗಿರಿಜಾ, ಮಾವ ಕೂತು ಎರಡು ತುತ್ತು ಉಂಡ ಶಾಸ್ತ್ರ ಮಾಡಿದರು. ಹೊರಡುವಾಗ ಪಂಪಾಪತಿ ಕೈ ಮುಗಿದರು.

"ವಿಚಾರ ಮಾಡಿ ಹೇಳಿ ಕಳಿಸ್ತೀವ್ರಿ."

ಕಾರು ಹತ್ತಿದಾಗ ನನಗೆ ಹೆಮ್ಮೆಯಾಗಿತ್ತು. "ಒಮ್ಮೆನೂ ಕುಂಟಲಿಲ್ಲ ನೋಡು."

ಗಿರಿಜಾ ಗೇರು ಹಾಕಿದಳು. "ಕುಂಟಲಿಲ್ಲ. ಮಗಳ ಮದುವಿ ಮುರದು ಬಂದ್ರಿ."

ಸಂಜೆ ಸೌಮ್ಯಾ ಫೋನ್ ಕೈಯಲ್ಲಿ ಹಿಡಿದು ನನ್ನ ಕೋಣೆಗೆ ಬಂದಳು. ಅತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಿಮ್ಮ ಅಪ್ಪಾರಿಗೆ ನಮ್ಮ ಮನಿ ಮನಸಿಗೆ ಬಂದಿಲ್ಲ, ಒತ್ತಾಯ ಮಾಡೋದು ಬ್ಯಾಡ ಅಂತ ವಿನಯ್ ಅವರ ಅಪ್ಪ ಅಂದಾರಂತ."

"ನನ್ನ ಕಾಲು..." ಎಂದು ಶುರು ಮಾಡಿದೆ.

"ನಿನ್ನ ಕಾಲಿನ ವಿಷಯ ನಾನು ವಿನಯ್‌ಗ ಮೊದಲ ಹೇಳೀನಪ್ಪಾ. ಅವರ ಮನಿಯಾಗ ಎಲ್ಲಾರಿಗೂ ಗೊತ್ತೈತಿ. ಆ ಹೊಸಾ ಕುರ್ಚಿ ನಿನಗಂತ ತರಿಸಿದ್ರು. ಮಣಿನೂ. ಕಾಲು ನೋವು ಇದ್ದವರು ಅಷ್ಟೊತ್ತು ಹಟಾ ಹಿಡಿದು ನಿಂತಾರ ಅಂದ್ರ, ಎಷ್ಟು ಬ್ಯಾಸರ ಆಗಿರಬೇಕು ಅಂತ ತಿಳಕೊಂಡಾರ."

ಹೊಸದಾಗಿ ಬಂದ ವರದಿಗಾರರಿಗೆಲ್ಲ ನಾನು ಕಲಿಸುವ ಮೊದಲ ಪಾಠ: ಮೂಲವನ್ನು ಕೇಳದೆ ಏನನ್ನೂ ಊಹಿಸಬಾರದು. ಮೂಲ ನನ್ನ ಮನೆಯಲ್ಲೇ ಇತ್ತು. ನನ್ನ ತಟ್ಟೆಗೆ ರೊಟ್ಟಿ ಹಾಕುತ್ತಿತ್ತು.

ಮರುದಿನ ಬೆಳಿಗ್ಗೆ ಏಳರ ಬಸ್ಸಿಗೆ ಒಬ್ಬನೇ ಹೊರಟೆ. ಮೆತ್ತನೆಯ ಚಪ್ಪಲಿ ಹಾಕಿಕೊಂಡೆ. ಫೋನ್ ಮಾಡಿ ಹೇಳುವ ವಿಷಯ ಇದಲ್ಲ. ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಇಳಿದು, ನೋಡುವವರೆಲ್ಲ ನೋಡಲಿ ಎಂದು, ಹನ್ನೊಂದು ಹೆಜ್ಜೆ ಕುಂಟಿದೆ. ಪಂಪಾಪತಿ ಗಿರಣಿಯ ಬಾಗಿಲಿನಲ್ಲಿ ಮೂಟೆ ಎಣಿಸುತ್ತಿದ್ದರು. ನನ್ನನ್ನು ನೋಡಿ ಲೆಕ್ಕ ತಪ್ಪಿದರು.

"ಏನ್ರೀ ಮತ್ತ?"

"ಉಣ್ಣಾಕ ಬಂದೀನ್ರಿ."

ಅವರು ಮೂಟೆಯ ಮೇಲಿನ ಕೈ ತೆಗೆದರು. "ಇವತ್ತು ಉಪವಾಸ ಇಲ್ಲೇನ್ರೀ?"

"ನಿನ್ನೆನೂ ಇರಲಿಲ್ರಿ."

ಮನೆಯಲ್ಲಿ ಶರಣಮ್ಮ ಮೆತ್ತೆಯ ಕುರ್ಚಿ ಮುಂದೆ ತಂದರು. ಕುರ್ಚಿ ಬೇಡವೆಂದು ನೆಲದ ಮೇಲೇ ಕೂತೆ. ಇನ್ನೊಮ್ಮೆ ತಪ್ಪು ತಿಳಿಯಲು ಅವಕಾಶ ಇರಬಾರದು. ಅನ್ನ, ಸಾರು, ನಿನ್ನೆಯ ಹೋಳಿಗೆ. ಉಣ್ಣುತ್ತ ಎಲ್ಲವನ್ನೂ ಹೇಳಿದೆ: ಕೆಂಪು ಶಾಯಿ, ಕಾಲುವೆ, ಕಣದ ಬಿಸಿ ಸಿಮೆಂಟು, ಮಾವನ ಎಚ್ಚರಿಕೆ. ಪಂಪಾಪತಿ ಕೇಳುತ್ತ ಎರಡು ಸಲ ಅನ್ನ ಬಡಿಸಿದರು. ಮೂರನೇ ಸಲವೂ ಬೇಡ ಎನ್ನುವ ಧೈರ್ಯ ನನಗಿರಲಿಲ್ಲ.

"ಮತ್ತ ಇದು ವಂಶದಾಗ ಐತೇನ್ರೀ?" ಎಂದು ಶರಣಮ್ಮ ನೇರವಾಗಿ ಕೇಳಿದರು.

"ಇಲ್ರೀ ಯಮ್ಮಾ. ಇದು ನನ್ನ ಸ್ವಂತ ಸಂಪಾದನಿ."

ಆಮೇಲೆ ಏಳಬೇಕಾಯಿತು. ವಿನಯ್ ಒಂದು ರಟ್ಟೆ, ಪಂಪಾಪತಿ ಇನ್ನೊಂದು ರಟ್ಟೆ ಹಿಡಿದರು. ಮೂಟೆ ಎತ್ತಿ ರೂಢಿ ಇದ್ದವರು; ಒಂದೇ ಎಳೆತಕ್ಕೆ ಎತ್ತಿದರು. ಗೋಡೆ ಹಿಡಿದು, ಹಲ್ಲು ಕಚ್ಚಿ, ಕೈ ತೊಳೆಯುವ ಕಡೆಗೆ ಹೊರಟೆ. ಮೂರು ಜನ ಹಿಂದೆ ನಿಂತು ನೋಡಿದರು. ನಾಲ್ಕನೇ ಹೆಜ್ಜೆಗೆ ನನ್ನ ಬಾಯಿಂದ ಹೊರಟ ಶಬ್ದವನ್ನು ಯಾವ ಪತ್ರಿಕೆಯೂ ಅಚ್ಚು ಮಾಡುವುದಿಲ್ಲ.

"ನಿನ್ನೆ ಇಷ್ಟು ತೋರಿಸಿದ್ರ ಮುಗದಿತ್ತಲ್ರೀ ಬೀಗರ" ಎಂದರು ಪಂಪಾಪತಿ. ಬೀಗರು ಎಂದು ಅವರು ಕರೆದದ್ದು ಅದೇ ಮೊದಲು. ನಾನು ಹನ್ನೊಂದನೇ ಹೆಜ್ಜೆಯ ತನಕ ತಿರುಗಿ ನೋಡಲಿಲ್ಲ. ಕಣ್ಣಲ್ಲಿ ನೀರಿತ್ತು. ಅದು ಹಿಮ್ಮಡಿಯದೆಂದು ಅವರು ತಿಳಿದರು.

ಗೋಡೆಯ ಪಟ್ಟಿ ಈಗಲೂ ಇದೆ. ಮುಂಜಾನೆ ಸಂಜೆ ಮೀನಖಂಡ ಎಳೆಯುತ್ತೇನೆ, ಬಾಟಲಿ ಉರುಳಿಸುತ್ತೇನೆ, ಒಂದು ದಿನವೂ ತಪ್ಪಿಸಿಲ್ಲ. ಗಡುವಿನ ಕಾಲಂ ಖಾಲಿ ಬಿಟ್ಟಿದ್ದೇನೆ. ಹನ್ನೊಂದು ಹೆಜ್ಜೆ ಈಗ ಏಳಕ್ಕೆ ಇಳಿದಿದೆ. ಕಳೆದ ವಾರ ತೆಗೆಸಿದ ಎಕ್ಸ್-ರೇಯಲ್ಲಿ ಮುಳ್ಳು ಹಾಗೇ ಇದೆ.

ನಿಶ್ಚಿತಾರ್ಥ ಹುಡುಗನ ಮನೆಯಲ್ಲೇ ನಡೆಯಿತು. ಅಲ್ಲಿ ತೆಗೆದ ಫೋಟೊದಲ್ಲಿ ಇಪ್ಪತ್ತೆರಡು ಜನ ನಿಂತಿದ್ದಾರೆ. ಒಬ್ಬ ಕೂತಿದ್ದಾನೆ.