ಮೇಡಂ ಧ್ವನಿಯಲ್ಲಿ ಹೊರಟ ಆದೇಶ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪು ನನ್ನದೇ. ಕಂಪ್ಯೂಟರಿನದಲ್ಲ, ಪುಕ್ಕಟೆ ಸಾಫ್ಟ್‌ವೇರ್ ಬರೆದ ಪುಣ್ಯಾತ್ಮರದೂ ಅಲ್ಲ. ಇನ್ನೊಬ್ಬರ ಧ್ವನಿ ತೆಗೆಯುವ ಚಟ ತುರಿಕೆಯಂಥದ್ದು; ಕೆರೆದುಕೊಳ್ಳುವಾಗ ಸುಖ, ಆಮೇಲೆ ಉರಿ. ಚಿಕ್ಕವನಿದ್ದಾಗ ಅಜ್ಜಿಯ ಧ್ವನಿಯಲ್ಲಿ ಅಡುಗೆಮನೆಯ ಕಡೆ ‘ಇನ್ನೊಂದ್ ಲೋಟ ಕಾಫಿ ತಾರೇ’ ಎಂದು ಕೂಗಿ, ಬಂದ ಕಾಫಿಯನ್ನು ನಾನೇ ಕುಡಿಯುತ್ತಿದ್ದೆ. ಅಜ್ಜಿಗೆ ಸಕ್ಕರೆ ಕಾಯಿಲೆ ಬಂದು ಕಾಫಿ ಸಪ್ಪೆಯಾದ ಮೇಲೆ ಆ ವಿದ್ಯೆ ಕೈಬಿಟ್ಟೆ. ಕೆಲಸಕ್ಕೆ ಸೇರಿದ ಮೇಲೆ ಮತ್ತೆ ಅಂಟಿಕೊಂಡಿತು.

ವಿಜಯನಗರದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಎಲೆ ಹಾಕಿ ಬಡಿಸುತ್ತಾರೆಂದು ತಿಳಿಯಬೇಡಿ. ವರ್ಷಕ್ಕೊಮ್ಮೆ ‘ಇವನು ಇನ್ನೂ ಇರಲಿ’ ಎಂದು ಯಾರಾದರೂ ಸಹಿ ಹಾಕಿದರೆ ಮಾತ್ರ ಉಳಿಯುವ ಪ್ರಾಣಿ. ಆ ಸಹಿ ಹಾಕಬೇಕಾದವರು ನಮ್ಮ ಕಾಲೇಜಿನ ಮುಖ್ಯಸ್ಥೆ ಗಿರಿಜಾ ಮೇಡಂ, ದಾವಣಗೆರೆ ಕಡೆಯವರು. ನನ್ನ ಅರ್ಜಿ ಅವರ ಮೇಜಿನ ಮೇಲೆ ಪೇಪರ್‌ವೈಟಿನ ಕೆಳಗೆ ಎರಡು ವಾರದಿಂದ ಮಲಗಿತ್ತು. ಅಂಥ ಹೊತ್ತಿನಲ್ಲಿ ಬುದ್ಧಿ ಇರುವವನು ಬಾಯಿ ಮುಚ್ಚಿಕೊಂಡಿರುತ್ತಾನೆ. ನಾನು ಮೇಡಂ ಧ್ವನಿ ತೆಗೆದೆ.

‘ನೋಡ್ರಪ್ಪಾ, ಸೋಮವಾರದೊಳಗ ಎಲ್ಲರ ಲ್ಯಾಪ್‌ಟಾಪಿನಾಗೂ ಆರ್ ಇರಬೇಕು. ಇಲ್ಲಂದ್ರ ನನ್ನ ಮುಂದ ಬರಬ್ಯಾಡ್ರಿ. ಭಾನುವಾರ ಮಂಜುನಾಥನ ಮನಿಗೆ ಹೋಗ್ರಿ, ಹಾಕಿಕೊಡ್ತಾನ. ಬಾಳ ಹುಷಾರು ಹುಡುಗ.’ ಆರ್ ಎಂಬುದು ಅಂಕಿಅಂಶಗಳ ಲೆಕ್ಕ ಹಾಕುವ ಸಾಫ್ಟ್‌ವೇರ್. ಪೂರ್ತಿ ಪುಕ್ಕಟೆ, ಹೆಸರಿಗೂ ಒಂದಕ್ಷರಕ್ಕಿಂತ ಹೆಚ್ಚು ಖರ್ಚು ಮಾಡಿಲ್ಲ. ಈ ಮಾತನ್ನು ರೆಕಾರ್ಡ್ ಮಾಡಿ, ‘ಮೇಡಂ ನಿಮಗೆ ಮುಟ್ಟಿಸಲು ಹೇಳಿದರು’ ಎಂದು ಸೇರಿಸಿ ಮೂವರು ಸಹೋದ್ಯೋಗಿಗಳಿಗೆ ಕಳಿಸಿದೆ. ಮಂಜುನಾಥ ಎಂದರೆ ನಾನೇ; ಕೊನೆಯ ಹೊಗಳಿಕೆ ಕೇಳಿದ ಕೂಡಲೇ ಬಿದ್ದು ಬಿದ್ದು ನಗುತ್ತಾರೆಂದು ಕಾದೆ. ಮೂವರೂ ‘ಓಕೆ’ ಎಂದರು.

ತಮಾಷೆ ಎಂದು ಹೇಳಿಬಿಡಬಹುದಿತ್ತು. ಆದರೆ ಮೂವರಲ್ಲಿ ಒಬ್ಬರಾದ ಅರ್ಥಶಾಸ್ತ್ರದ ಪರಮೇಶ್ವರಪ್ಪ ಸಾರ್ ಮೇಡಂ ಊರಿನವರೇ. ಅವರಿಗೆ ಹೇಳಿದ್ದು ಮೇಡಂಗೆ ಹೇಳಿದಂತೆ. ಅಲ್ಲಿಗೆ ಸಹಿಯೂ ಇಲ್ಲ, ನಾನೂ ಇಲ್ಲ. ಉಳಿದದ್ದು ಒಂದೇ ದಾರಿ: ಭಾನುವಾರ ಮೂವರ ಲ್ಯಾಪ್‌ಟಾಪಿಗೂ ಆರ್ ಹಾಕಿ ಕಳಿಸಿಬಿಟ್ಟರೆ ಯಾರೂ ಮೇಡಂ ಹತ್ತಿರ ಈ ಮಾತೆತ್ತುವುದಿಲ್ಲ. ಮೂರು ಲ್ಯಾಪ್‌ಟಾಪ್, ಒಂದೊಂದಕ್ಕೆ ಹತ್ತು ನಿಮಿಷ ಎಂದು ಲೆಕ್ಕ ಹಾಕಿದೆ. ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವನು ಎಂಬುದನ್ನು ದಯವಿಟ್ಟು ಮರೆತುಬಿಡಿ.

ಭಾನುವಾರ ಒಂಬತ್ತಕ್ಕೆ ಚಂದ್ರಾ ಲೇಔಟಿನ ನಮ್ಮ ಮನೆ ಮುಂದೆ ಮೂರು ಸ್ಕೂಟರ್ ನಿಂತವು. ‘ನಿನ್ನ ಹುಡುಕ್ಕೊಂಡು ಇಷ್ಟು ದೊಡ್ಡೋರು ಬಂದಿದ್ದು ಇದೇ ಮೊದಲು ಕಣೋ’ ಎಂದು ಅಮ್ಮ ಉಪ್ಪಿಟ್ಟಿಗೆ ಎರಡು ಹಿಡಿ ಗೋಡಂಬಿ ಜಾಸ್ತಿ ಹಾಕಿದಳು.

ವಾಣಿಜ್ಯ ವಿಭಾಗದ ಶೈಲಜಾ ಮೇಡಂ ಅವರದು ಮ್ಯಾಕ್. ಮ್ಯಾಕಿಗೆ ಎರಡು ಬಗೆಯ ಫೈಲ್, ಹಳೆಯ ಚಿಪ್ಪಿಗೊಂದು, ಹೊಸದಕ್ಕೊಂದು. ನಿಮ್ಮದು ಯಾವುದು ಎಂದು ಕೇಳಿದೆ. ‘ತಮ್ಮ ಕೊಡ್ಸಿದ್ದು ಕಣಪ್ಪ, ಬೂದು ಬಣ್ಣದ್ದು’ ಎಂದರು. ಹೊಳೆಯುತ್ತಿದೆಯಲ್ಲ ಎಂದು ಹೊಸದನ್ನು ಹಾಕಿದೆ, ಅದು ಒಲ್ಲೆ ಎಂದಿತು. ಹಳೆಯದನ್ನು ಇಳಿಸಿದರೆ ಪಾಸ್‌ವರ್ಡ್ ಕೇಳಿತು. ಅದು ಗೊತ್ತಿದ್ದದ್ದು ತಮ್ಮನಿಗೆ ಮಾತ್ರ. ತಮ್ಮ ಹೇರೋಹಳ್ಳಿಯಲ್ಲಿ ಯಾರದೋ ಗೃಹಪ್ರವೇಶದಲ್ಲಿದ್ದ. ‘ಅಕ್ಕಾ, ಪಕ್ಕದಲ್ಲೇ ನನ್ ಹೆಂಡ್ತಿ ಇದಾಳೆ, ಮೆಸೇಜ್ ಮಾಡ್ತೀನಿ’ ಎಂದು ಪಿಸುಗುಟ್ಟಿದ. ಬಂದ ಮೆಸೇಜಿನಲ್ಲಿ ಒಂದು ಹೆಣ್ಣಿನ ಹೆಸರಿತ್ತು, ಅವನ ಹೆಂಡತಿಯದಲ್ಲ. ಶೈಲಜಾ ಮೇಡಂ ಅದನ್ನು ಒತ್ತಿದ ರೀತಿ ನೋಡಿದರೆ, ಒಂದೊಂದು ಕೀಲಿಯೂ ತಮ್ಮನ ತಲೆಯಂತೆ ಕಾಣುತ್ತಿರಬೇಕು. ಆರ್ ಕೂತಿತು. ಗಂಟೆ ಹನ್ನೊಂದೂವರೆ.

ಎರಡನೆಯವನು ಭೌತಶಾಸ್ತ್ರದ ಲೋಕೇಶ, ಮಾರೇನಹಳ್ಳಿಯವನು, ನನ್ನ ಗೆಳೆಯ. ಅವನದು ವಿಂಡೋಸಿನ ಬದಲಿಗೆ ಬಳಸುವ ಪುಕ್ಕಟೆ ಲಿನಕ್ಸ್. ಅವನ ಮಟ್ಟಿಗೆ ಅದು ಕಂಪ್ಯೂಟರ್ ವಿಷಯವಲ್ಲ, ದೀಕ್ಷೆ. ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದ, ಆರ್ ಬಂತು. ಅದರ ಜೊತೆಗೆ ಬೇಕಾದ ಒಂದು ಪ್ಯಾಕೇಜ್, ಎಂದರೆ ಆರ್‌ಗೆ ಸೇರಿಸುವ ಪುಟ್ಟ ಸಾಫ್ಟ್‌ವೇರ್, ಕರೆದೆವು. ಮದುವೆಗೆ ಕರೆಯಲು ಹೋದರೆ ‘ನಮ್ಮ ಷಡ್ಡಕನ್ನ ಕರೆಯದೆ ನಾವು ಬರೋದಿಲ್ಲ’ ಎನ್ನುವ ನೆಂಟರಿರುತ್ತಾರಲ್ಲ, ಹಾಗೆ ಅದು ಇನ್ನೆರಡನ್ನು ಕೇಳಿತು. ಆ ಎರಡು ಮತ್ತೆ ಐದನ್ನು. ಪರದೆಯ ಮೇಲೆ ಅಕ್ಷರಗಳು ಸುರಿಯತೊಡಗಿದವು.

‘ಇದೇ ಮಗಾ ಸ್ವಾತಂತ್ರ್ಯ’ ಎಂದ ಲೋಕೇಶ.

‘ಎಷ್ಟೊತ್ತಿಗೆ ಬರುತ್ತೆ ಗುರು?’

‘ಊಟ ಮುಗಿಸ್ಕೊಳೋಣ ಬಾ.’

ಸ್ವಾತಂತ್ರ್ಯ ಮಧ್ಯಾಹ್ನ ಎರಡೂವರೆಗೆ ಬಂತು. ಅಷ್ಟರಲ್ಲಿ ನನ್ನ ಬೆನ್ನು ಪರತಂತ್ರವಾಗಿತ್ತು.

ಉಳಿದದ್ದು ಪರಮೇಶ್ವರಪ್ಪ ಸಾರ್ ಅವರ ವಿಂಡೋಸ್. ಇದು ಎಲ್ಲಕ್ಕಿಂತ ಸುಲಭ. ನೆಕ್ಸ್ಟ್, ನೆಕ್ಸ್ಟ್, ನೆಕ್ಸ್ಟ್ ಎಂದು ಒತ್ತಿದರೆ ಮುಗಿಯಿತು ಎಂದುಕೊಂಡೆ. ಆರ್ ಕೂತಿತು, ಪ್ಯಾಕೇಜ್ ಮಾತ್ರ ಕೂರಲಿಲ್ಲ. ಮೂರು ಸಲ ತೆಗೆದು ಮೂರು ಸಲ ಹಾಕಿದ ಮೇಲೆ ಕಾರಣ ಕಣ್ಣಿಗೆ ಬಿತ್ತು. ಸಾರ್ ಕಂಪ್ಯೂಟರಿಗೆ ತಮ್ಮ ಹೆಸರನ್ನು ಅಚ್ಚ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದರು. ಆ ಹೆಸರಿನ ಫೋಲ್ಡರಿನೊಳಗೆ ಪ್ಯಾಕೇಜ್ ಹೋಗಬೇಕು. ಅದಕ್ಕೋ ಪರಮೇಶ್ವರಪ್ಪನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತಿತ್ತು.

‘ಸಾರ್, ಇಂಗ್ಲಿಷಲ್ಲಿ ಇನ್ನೊಂದು ಹೆಸರು ಮಾಡ್ಕೊಂಡ್ಬಿಡಿ, ಐದು ನಿಮಿಷದ ಕೆಲಸ’ ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. ‘ಅಲ್ಲಪ್ಪಾ, ನನ್ನ ಹೆಸರು ಓದಾಕೆ ಬರದಿರೋದು ಅದಕ್ಕೆ. ಕಲೀಬೇಕಾದ್ದು ಅದೋ, ಹೆಸರು ಬಿಡಬೇಕಾದ್ದು ನಾನೋ?’

ಬೇರೆ ಫೋಲ್ಡರ್ ತೋರಿಸಿದ್ದರೆ ಸಾಕಿತ್ತೆಂದು ನನಗೆ ಹೊಳೆದದ್ದು ಮರುದಿನ. ಅಂದು ಮಾತ್ರ ಬೇಡಿಕೊಂಡೆ, ಸಾರ್ ಜಗ್ಗಲಿಲ್ಲ. ‘ಗಿರಿಜಾ ಮೇಡಂಗೇ ಕೇಳೋಣ, ನನಗೊಬ್ಬನಿಗೆ ವಿನಾಯಿತಿ ಕೊಡಲಿ’ ಎಂದು ಫೋನ್ ತೆಗೆದರು. ಬೇಡ ಸಾರ್, ಭಾನುವಾರ, ಮಲಗಿರ್ತಾರೆ ಎನ್ನುವಷ್ಟರಲ್ಲಿ ಸ್ಪೀಕರಿನಿಂದ ‘ಹೇಳ್ರಿ’ ಎಂಬ ಧ್ವನಿ ಬಂತು. ಅಸಲಿಯದು.

‘ಮೇಡಂ, ನಿಮ್ಮ ಆದೇಶ ಪಾಲಿಸೋಕೆ ನಾನು ಹೆಸರು ಬದಲಾಯಿಸ್ಕೋಬೇಕಂತೆ.’

‘ಯಾವ ಆದೇಶ್ರೀ?’

ಶೈಲಜಾ ಮೇಡಂ ಉತ್ಸಾಹದಿಂದ ತಮ್ಮ ಮೊಬೈಲನ್ನು ಹತ್ತಿರ ಹಿಡಿದು ನನ್ನ ಕಲಾಕೃತಿಯನ್ನು ಒತ್ತಿದರು. ನನ್ನ ಮನೆಯ ನಡುಮನೆಯಲ್ಲಿ ನನ್ನ ನೌಕರಿಯ ತಿಥಿ ನನ್ನದೇ ಕಂಠದಲ್ಲಿ ನಡೆಯಿತು. ‘ಬಾಳ ಹುಷಾರು ಹುಡುಗ’ ಎಂಬಲ್ಲಿಗೆ ಬಂದಾಗ ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ‘ಎಷ್ಟು ಒಳ್ಳೆಯವರು ನೋಡು’ ಎಂದಳು. ಲೋಕೇಶ ಕಿಟಕಿಯಾಚೆಯ ತೆಂಗಿನಮರದಲ್ಲಿ ಕಾಯಿ ಎಣಿಸುತ್ತಿದ್ದ.

‘ಮಂಜುನಾಥ ಅಲ್ಲೇ ಅದಾನೇನ್ರಿ?’

‘ಇದೀನಿ ಮೇಡಂ’ ಎಂದೆ. ಯಾರ ಧ್ವನಿಯೋ, ನನ್ನದಂತೂ ಆಗಿರಲಿಲ್ಲ.

‘ನನ್ನ ಧ್ವನಿಯಾಗ ಹೊರಟಿದ್ದು ನನ್ನ ಆದೇಶ ಅಂತಾನ ಇರಲಿ ಬಿಡು. ನಾಳೆಯಿಂದ ಲ್ಯಾಬಿನ ಅಷ್ಟೂ ಮಷಿನ್ನಿಗೆ ಹಾಕು. ಕಡೇದು ಮುಗಿದ ದಿನ ನಿನ್ನ ಅರ್ಜಿಗೆ ಸಹಿ.’

ಬದುಕಿದೆ ಅನ್ನಿಸಿತು. ಬದುಕಿದವನು ಸುಮ್ಮನಿರಬೇಕಲ್ಲ? ಕಲಾವಿದನ ಹಾಳು ಕುತೂಹಲ. ‘ಮೇಡಂ, ತಪ್ಪಾಯ್ತು. ಆದ್ರೆ ಇವ್ರ್ಯಾರಿಗೂ ಗೊತ್ತಾಗಲಿಲ್ಲ. ಅದು ನಾನೇ ಅಂತ ನಿಮಗೆ ಹೆಂಗೆ ಗೊತ್ತಾಯ್ತು?’

‘ಧ್ವನಿ ಕೇಳಿ ನಾನೂ ನಂದೇ ಅಂದ್ಕೊಂಡಿದ್ದೆ ನೋಡಪ್ಪಾ. ಆ ಧ್ವನಿ ನಿನ್ನ ಬಾಳ ಹುಷಾರು ಹುಡುಗ ಅಂದಿತಲ್ಲ, ಅಲ್ಲಿ ಗೊತ್ತಾತು.’