ಚಪ್ಪಟೆ ತಳದ ದೋಣಿ

2009ರ ದಸರಾ ಕಳೆದ ಮೊದಲ ಭಾನುವಾರ, ಬೆಳಗಿನ ಏಳು ಗಂಟೆ. ಡೊಂಬಿವಲಿಯ ಸೊಸೈಟಿಯ ಮೆಟ್ಟಿಲಲ್ಲಿ ಮೇಲ್ಮನೆಯ ನಳಿನಿ ಲೋಕನಾಥರನ್ನು ತಡೆದರು.

“ಅಂಕಲ್, ಪ್ರತಿ ಸಂಡೆ ಒಬ್ಬರೇ ಖಾಡಿ ಕಡೆ ಹೋಗ್ತೀರಂತೆ. ನೀರಿನ ಹತ್ತಿರ ನಿಮಗೇನು ಕೆಲಸ? ನಮಗೆಲ್ಲ ಭಯ ಆಗುತ್ತೆ.”

ಹೆಂಡತಿ ತೀರಿಹೋದ ಮೇಲೆ ಮಾತಾಡಲು ಜನವಿಲ್ಲ ಎನ್ನಲು ನಾಚಿಕೆಯಾಗಿ ಲೋಕನಾಥರು, “ದೋಣಿ ತಗೊಳ್ಳುವ ಅಂತ” ಎಂದುಬಿಟ್ಟರು.

ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಯಲ್ಲಿ ತನ್ನ ಚಪ್ಪಟೆ ತಳದ ದೋಣಿಯನ್ನು ಮಾರಲಿಟ್ಟಿದ್ದ ಜಟ್ಟೆಪ್ಪನಿಗೂ ಅವರು ಹೋದ ಚಳಿಗಾಲದಿಂದ ಇದನ್ನೇ ಹೇಳುತ್ತ ಬಂದಿದ್ದರು. ಒಂದು ವಾರ ಚಪ್ಪಟೆ ತಳ ಒಳ್ಳೆಯದೋ ಎಂದು ಕೇಳುವುದು, ಮುಂದಿನ ವಾರ ಚೂಪು ತಳವೋ ಎನ್ನುವುದು. ಜಟ್ಟೆಪ್ಪ ಚಹಾ ಕೊಟ್ಟು ಮತ್ತೆ ಮೊದಲಿನಿಂದ ಹೇಳುತ್ತಿದ್ದ. ದೋಣಿ ಕೊಂಡ ದಿನ ಮಾತು ಮುಗಿಯುತ್ತದೆ ಎಂದು ಲೋಕನಾಥರಿಗೆ ಗೊತ್ತಿತ್ತು. ಅದಕ್ಕೇ ಕೊಳ್ಳುತ್ತಿರಲಿಲ್ಲ.

ಸುದ್ದಿ ಸೊಸೈಟಿಯ ಸೆಕ್ರೆಟರಿ ಕುಶಲನಿಗೆ ಮುಟ್ಟಲು ಹಾಲು ಉಕ್ಕುವಷ್ಟು ಹೊತ್ತೂ ಬೇಕಾಗಲಿಲ್ಲ. “ನಿಮಗೆ ವ್ಯವಹಾರ ಗೊತ್ತಾಗುದಿಲ್ಲ ಮಾರಾಯ್ರೆ” ಎನ್ನುತ್ತ ಅವನು ನಳಿನಿಯನ್ನೂ ಲೋಕನಾಥರನ್ನೂ ರಿಕ್ಷಾಕ್ಕೆ ತುಂಬಿದ.

ದಂಡೆಯಲ್ಲಿ ಜಟ್ಟೆಪ್ಪ ಮೊದಲಿನಿಂದ ಶುರುಮಾಡಿದ. “ಚಪ್ಪಟಿ ತಳಾ ನಿಂತ ನೀರಾಗ ಹಾಸಿಗಿ ಇದ್ದಂಗ್ರಿ, ಅಳ್ಳಾಡೂದಿಲ್ಲ. ತೆರಿ ಬಂದ್ರ ಪಟಪಟ ಬಡೀತೈತಿ. ಅಲ್ಲಿ ಮೀನುಗಾರರದು ಐತಲ್ಲ, ಆ ಚೂಪ ತಳಾ ತೆರಿ ಸೀಳಿ ಹೋಗತೈತಿ. ಆದ್ರ ಒಳಗ ಎದ್ದು ನಿಂದ್ರಬಾರದ್ರಿ.”

“ಉಡುಪಿಯವನಿಗೆ ದೋಣಿ ಕಲಿಸ್ತೀರಾ?” ಎಂದು ಕುಶಲ ಆ ಚೂಪು ತಳದ ದೋಣಿಗೆ ಹತ್ತಿ ನೆಟ್ಟಗೆ ನಿಂತ. ದೋಣಿ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಎಮ್ಮೆಯಂತೆ ಹೊರಳಿತು. ಕುಶಲ ಸೊಂಟದವರೆಗೆ ಕೆಸರಿಗಿಳಿದ. ಎಳೆದು ತೆಗೆದಾಗ ಒಂದು ಚಪ್ಪಲಿ ಒಳಗೇ ಉಳಿಯಿತು.

ಆಮೇಲೆ ಚಪ್ಪಟೆ ದೋಣಿಯಲ್ಲಿ ಕೂತು ಕುಲುಕಿ ನೋಡಿದ. ಅದು ಜಪ್ಪಯ್ಯ ಎನ್ನಲಿಲ್ಲ. “ಇದೇ ಆಗಬಹುದು. ಮುಗಿಸಿ.”

“ಇನ್ನೊಂದು ವಾರ ನೋಡುವ” ಎಂದರು ಲೋಕನಾಥರು.

“ಹಾಗಾದ್ರೆ ನಾನು ಕೆಸರಿಗೆ ಬಿದ್ದದ್ದು ಎಂತಕ್ಕೆ?”

ಲೋಕನಾಥರು ಜಟ್ಟೆಪ್ಪನಾದರೂ ಬೇಡ ಎನ್ನಲಿ ಎಂದು ಅವನ ಮುಖ ನೋಡಿದರು. ಅವನೂ ಇವರ ಮುಖವನ್ನೇ ನೋಡುತ್ತಿದ್ದ. ಕುಶಲ ಇಬ್ಬರ ಕೈಯನ್ನೂ ಹಿಡಿದು ಕೂಡಿಸಿದ. ವ್ಯಾಪಾರ ಮುಗಿಯಿತು.

ಕುಶಲ, ನಳಿನಿ ಇಬ್ಬರೂ ಚಪ್ಪಲಿ ಹುಡುಕಲು ಹೋದಾಗ ಜಟ್ಟೆಪ್ಪ ಮೆಲ್ಲಗೆ ಹೇಳಿದ. “ನೀವು ತಗೊಳ್ಳಾಂಗಿಲ್ಲ ಅಂತ ತಿಳಿದಿದ್ನಿರಿ ಸಾಹೇಬ್ರ. ಮೂರು ಗಿರಾಕಿ ಬಂದಿದ್ರು. ತಳಾ ಸೋರತೈತಿ ಅಂತ ಸುಳ್ಳ ಹೇಳಿ ಕಳಿಸಿದ್ನಿ.”

“ಯಾಕೆ ಮಾರಾಯ?”

“ಮಾರಿದ್ರ ಇಲ್ಲಿ ಇರಾಕ ನೆಪಾ ಏನೈತ್ರಿ? ದೋಣಿ ಮಾರಿದ ವಾರನ ಬರ್ತೀನಂತ ಊರಾಗ ಮಗಳಿಗೆ ಮಾತು ಕೊಟ್ಟೀನಿ. ಅಲ್ಲಿ ನನ್ನ ಕೂಡ ತಳದ ಮಾತು ಆಡವ್ರು ಯಾರದಾರ?”

ಇಷ್ಟು ದಿನ ತಳದ ಬಗ್ಗೆ ಕೇಳಿದ್ದ ಲೋಕನಾಥರು ಹುಟ್ಟು ಹಾಕುವುದು ಹೇಗೆಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಲು ಇನ್ನೊಂದು ಭಾನುವಾರ ಬರುವ ಮೊದಲೇ, ಬುಧವಾರ ಜಟ್ಟೆಪ್ಪ ಊರಿಗೆಂದು ಕಲ್ಯಾಣದಲ್ಲಿ ಸೊಲ್ಲಾಪುರದ ಗಾಡಿ ಹತ್ತಿ ಹೋದ.